ಖಾಲಿ ಬಿಡಬಾರದ ಕಾಲಂ

ನೆಹರು ನಗರ, ಬೆಳಗಾವಿ
೧೯ ಆಗಸ್ಟ್ ೨೦೦೨

ಇನ್ನೂ ಮುಖ ನೋಡಿರದ, ಆದರೂ ನನ್ನವಳಾದ ಅರ್ಶಿಯಾ,

ಹೆದರಬೇಡ, ಇದು ಆಫೀಸಿನ ಪತ್ರವಲ್ಲ! ಇಂಗ್ಲಿಷಿನಲ್ಲಿ ಬರೆದಿದ್ದರೆ ಮೊದಲ ಸಾಲಿಗೇ ಆಫೀಸಿನದಾಗಿಬಿಡುತ್ತಿತ್ತು. ಇ-ಮೇಲ್ ಮಾಡಿದರೆ ಖಾನಾಪುರದಲ್ಲಿ ನಿಮ್ಮಪ್ಪ ಸರದಾರಸಾಬರ ಎಸ್‌ಟಿಡಿ ಬೂತಿನಲ್ಲಿ ಝೆರಾಕ್ಸಿಗೆ ನಿಂತವರೆಲ್ಲ ಓದುತ್ತಾರೆ. ಅದಕ್ಕೇ ಕನ್ನಡದಲ್ಲಿ, ಕೈಯಿಂದ ಬರೆಯುತ್ತಿದ್ದೇನೆ. ಕಾನ್ವೆಂಟಿನಲ್ಲಿ ಓದಿದವಳ ಒತ್ತಕ್ಷರ ನೋಡಿ ಬೇಕಾದಷ್ಟು ನಗು. ನಿನ್ನ ನಗು ಕೇಳಿ ಹನ್ನೊಂದು ದಿನವಾಯಿತು.

ನಿನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ನೆನಪಿದೆಯೇ? ನನ್ನ ಮದುವೆಯಾಗಿ ಆಗ ಎರಡೇ ತಿಂಗಳು. ಇವರು ಆಸ್ಪತ್ರೆಗಳಿಗೆ ಕೈಗವಸು, ಹತ್ತಿ, ಸಲೈನ್ ಸೆಟ್ ಮಾರುತ್ತ ತಿಂಗಳಲ್ಲಿ ಇಪ್ಪತ್ತು ದಿನ ಕೊಲ್ಹಾಪುರ, ರತ್ನಾಗಿರಿ ಎಂದು ತಿರುಗುವವರು. ಮನೆಯಲ್ಲಿ ನಾನು, ಒಂದು ಕಂಪ್ಯೂಟರು, ಇವರಿಗೆ ಬಂದ ಪತ್ರಗಳ ರಾಶಿ. ಖಾನಾಪುರದಲ್ಲಿ ಯಾರೋ ಟೈಪ್ ಮಾಡಿಕೊಟ್ಟ ದರಪಟ್ಟಿಯೊಂದನ್ನು ಇವರು ತಂದಿದ್ದರು. ಒಂದೂ ತಪ್ಪಿಲ್ಲ! ಅದರ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ನಿಮ್ಮಮ್ಮ ರಾಜಬೀಯವರಿಗೆ ಮೈ ಸರಿಯಿಲ್ಲ, ಊರು ಬಿಟ್ಟು ಬರಲಾರೆ, ಫೋನು ಮತ್ತು ಇ-ಮೇಲಿನಲ್ಲೇ ಎಲ್ಲ ಮಾಡಿಕೊಡುತ್ತೇನೆ ಎಂದೆ ನೀನು. ಪರೀಕ್ಷೆಗೆಂದು ನಾನೊಂದು ಪತ್ರ ಕಳುಹಿಸಿದೆ. ಅರ್ಧ ಗಂಟೆಗೆ ನಿನ್ನ ಫೋನು: “ಅಕ್ಕಾರ, ಇದರಾಗ ಏಳು ತಪ್ಪು ಅದಾವ್ರಿ. ನೀವಽ ಬೇಕಂತ ಹಾಕೀರೋ, ನಿಮಗಽ ಬರೂದಿಲ್ಲೋ?” ನಾನು ಬೇಕೆಂದು ಹಾಕಿದ್ದು ಐದು! ಅವತ್ತೇ ನೀನು ನನ್ನವಳಾದೆ.

ಮೊದಮೊದಲು ನಾವಿಬ್ಬರೂ ಎಷ್ಟು ಗೊಂದಲ ಮಾಡಿದೆವು! ಕಾಕತಿಯ ಡಾಕ್ಟರಿಗೆ “ಹೋದ ಸಲದಂತೆಯೇ” ಕಳುಹಿಸು ಎಂದೆ. ಹೋದ ಸಲ ಏನು, ಎಷ್ಟು ಎಂದು ಹೇಳಲೇ ಇಲ್ಲ. ನೀನು ಹಳೆಯ ಕಾಗದ ಹುಡುಕಿ, ಪಾಪ, ಆ ಸಣ್ಣ ದವಾಖಾನೆಗೆ ಎಂಬತ್ತು ಬಿಸಿನೀರಿನ ಚೀಲ ಬರೆದೆ. ಬೈಯಬೇಕಾದದ್ದು ನನ್ನನ್ನೇ. ಆಮೇಲೆ ನಾನು ಒಂದು ಫಾರ್ಮ್ ಮಾಡಿದೆ: ಏನು, ಎಷ್ಟು, ಯಾರಿಗೆ, ಯಾವಾಗ. ಬೆಳಿಗ್ಗೆ ಹತ್ತಕ್ಕೆ ನಿನ್ನ ಫೋನು. ನಾನು ಹೇಳಿದ್ದನ್ನು ನೀನು ತಿರುಗಿ ಹೇಳಬೇಕು. ಯಾವ ಕಾಲಮ್ಮೂ ಖಾಲಿ ಬಿಡಬಾರದು. ನಮ್ಮ ಕಾನ್ವೆಂಟಿನ ಸಿಸ್ಟರ್ ಪರೀಕ್ಷೆಗೆ ಮುಂಚೆ ಹೇಳುತ್ತಿದ್ದುದೂ ಅದೇ: ಉತ್ತರ ಗೊತ್ತಿಲ್ಲದಿದ್ದರೂ ಜಾಗ ಖಾಲಿ ಬಿಡಬೇಡಿ, ಏನಾದರೂ ಬರೆಯಿರಿ. ಅಲ್ಲಿಂದ ಒಂದು ಚೀಲವೂ ದಾರಿ ತಪ್ಪಲಿಲ್ಲ. ನನಗೆಷ್ಟು ಜಂಬ!

ಈಗ ಕಷ್ಟದ ಮಾತು.

ನಾನು ಇವರ ಲಾಡ್ಜಿಗೆ ಫೋನ್ ಮಾಡಿದರೆ, “ಗಿರಾಕಿ ಮುಂದ ಅದೀನಿ, ಆಮ್ಯಾಲ ಮಾಡ್ತೀನಿ” ಎಂದು ಇಡುತ್ತಿದ್ದರು. ಆ ಆಮೇಲೆ ಬರುತ್ತಲೇ ಇರಲಿಲ್ಲ. ನೀನು ಫೋನ್ ಮಾಡಿ ಆಫೀಸಿನಿಂದ ಎಂದರೆ ಮಾತ್ರ ಎಲ್ಲದಕ್ಕೂ ಉತ್ತರ. ಅದಕ್ಕೇ ಇವರ ಜೊತೆ ಮಾತಾಡಿ ನೀನು ಇ-ಮೇಲಿನಲ್ಲಿ ಕಳುಹಿಸುತ್ತಿದ್ದ ಸಂಜೆಯ ವರದಿಯಲ್ಲಿ ಐದನೆಯದೊಂದು ಕಾಲಂ ಸೇರಿಸಿದೆ: “ಮನೆಯ ಬಗ್ಗೆ ಕೇಳಿದ್ದು.” ಸಹಜವೆಂಬಂತೆ, ಕೊನೆಯಲ್ಲಿ. ಮೂರು ದಿನ ನೀನು ಅಲ್ಲಿ ಬರೀ ಗೆರೆ ಎಳೆದೆ. ನಾಲ್ಕನೆಯ ದಿನ ನಾನು ಕೆಂಪು ಅಕ್ಷರದಲ್ಲಿ ಉತ್ತರಿಸಿದೆ: ಖಾಲಿ ಬಿಡಬಾರದು ಎಂದಿದ್ದೆನಲ್ಲ?

ಮರುದಿನ ಬಂತು: “ಅಕ್ಕಾರು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರಾ ಎಂದು ಕೇಳಿದರು.” ಅಯ್ಯೋ, ನಾನು ಅಡುಗೆಮನೆಯಲ್ಲಿ ಕುಣಿದುಬಿಟ್ಟೆ! ಆಮೇಲೆ ಒಬ್ಬಳೇ ಬೇಜಾರಾಗುವುದಿಲ್ಲವೇ, ಕೆಳಗಿನ ಮನೆಯ ಗಂಗಾದೇವಿಯವರ ಹತ್ತಿರವಾದರೂ ಹೋಗಿ ಕೂರಬಾರದೇ ಎಂದು ಕೇಳಿದ್ದರಂತೆ. ಆಮೇಲೆ ಕೆಮ್ಮು ಕಡಿಮೆಯಾಯಿತೇ, ಜ್ಯೇಷ್ಠಮಧು ಬಾಯಲ್ಲಿ ಇಟ್ಟುಕೊಳ್ಳಲಿ ಎಂದರಂತೆ. ಆ ಹಾಳೆಗಳನ್ನೆಲ್ಲ ಪ್ರಿಂಟ್ ತೆಗೆದು ಮದುವೆಯ ಸೀರೆಯ ಮಡಿಕೆಯಲ್ಲಿಟ್ಟೆ. ರಾತ್ರಿ ಊಟಕ್ಕೆ ಎರಡು ತಟ್ಟೆ ಹಾಕಿದ್ದೂ ಉಂಟು, ಯಾರಿಗೂ ಹೇಳಬೇಡ.

ಇವರು ಊರಿಗೆ ಬಂದಾಗ ರೊಟ್ಟಿ ಬಡಿಸುತ್ತ ಮುದ್ದಿನಿಂದ ಹೇಳಿದೆ, ನಿಮ್ಮ ಔಷಧಿಗೆ ನನ್ನ ಕೆಮ್ಮು ಹೋಯಿತು ನೋಡಿ ಎಂದು. ಇವರು ತಲೆ ಎತ್ತಿದರು. “ಕೆಮ್ಮಾ? ನಿನಗ್ಯಾವಾಗ ಬಂದಿತ್ತು?”

ಇವರು ಕೆಟ್ಟವರಲ್ಲ, ಅರ್ಶಿಯಾ. ಅವರಿಗೆ ಗೊತ್ತೇ ಇರಲಿಲ್ಲ, ಅಷ್ಟೇ. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ.

ಆಮೇಲೆ ನಾನು ಫೋನಿನಲ್ಲಿ ನಿನಗೆ ಏನೇನು ಅಂದೆ! ಸುಳ್ಳುಗಾತಿ ಎಂದೆ. ನಾಳೆಯಿಂದ ಫೋನ್ ಮಾಡಬೇಡ ಎಂದೆ. ನೀನು ಒಂದೇ ಮಾತು ಹೇಳಿದೆ: “ಖಾಲಿ ಬಿಡಬ್ಯಾಡ ಅಂದ್ರಲ್ರಿ ಅಕ್ಕಾರ. ಸಾಹೇಬ್ರು ಏನೂ ಕೇಳಲಿಲ್ಲ. ನಿಮ್ಮ ಕೆಮ್ಮು ನನಗ ಫೋನಿನಾಗ ಕೇಳಸ್ತಿತ್ತು.” ನಾನು ಅದಕ್ಕೆ ಕಿವಿಗೊಡದೆ ಫೋನ್ ಇಟ್ಟುಬಿಟ್ಟೆ. ಈ ಹನ್ನೊಂದು ದಿನ ಅದನ್ನೇ ಕೇಳುತ್ತಿದ್ದೇನೆ.

ಊಟ ಆಯಿತೇ ಎಂದು ಕೇಳಿದವಳು ನೀನು. ಬೇಜಾರೇ ಎಂದು ಕೇಳಿದವಳೂ ನೀನೇ. ನಾನು ಆ ಪ್ರಶ್ನೆಗಳ ಕೆಳಗೆ ಬೇರೆಯವರ ಹೆಸರು ಓದಿಕೊಂಡೆ. ಮೂರು ತಿಂಗಳಲ್ಲಿ ನಿಮ್ಮಮ್ಮ ಹೇಗಿದ್ದಾರೆಂದು ನಾನು ಎಷ್ಟು ಸಲ ಕೇಳಿದ್ದೇನೆ? ಎಣಿಸಿ ನೋಡಿದೆ: ಒಂದು ಸಲ, ಅದೂ ವರದಿ ತಡವಾದಾಗ.

ತಿರುಗಿ ಬಾ. ಬರುವುದೆಂದರೆ ಇನ್ನೇನು, ಫೋನ್ ಮಾಡು. ನಿನ್ನೆ ಇವರು ಕೊಲ್ಹಾಪುರದಿಂದ ತಾವಾಗಿಯೇ ನನಗೆ ಫೋನ್ ಮಾಡಿದ್ದರು! ಹದಿನೈದು ನಿಮಿಷ! ಅರ್ಶಿಯಾ ಯಾಕೆ ಮಾತಾಡುತ್ತಿಲ್ಲ, ಆಕೆಯನ್ನು ಕರೆಸು, ನೀನು ಹೇಗಿದ್ದೀ, ಒಬ್ಬಳೇ ಇರಬೇಡ, ನಾಲ್ಕು ದಿನ ತವರಿಗಾದರೂ ಹೋಗಿ ಬಾ ಎಂದೆಲ್ಲ ಹೇಳಿದರು. ನೋಡು, ನಿನ್ನಿಂದ ಎಷ್ಟು ಬದಲಾಗಿದ್ದಾರೆ!

ಹೊಸ ಫಾರ್ಮ್ ಜೊತೆಗಿಟ್ಟಿದ್ದೇನೆ. ನಾಲ್ಕೇ ಕಾಲಂ. ಗೊತ್ತಿಲ್ಲದ್ದನ್ನು ಖಾಲಿ ಬಿಡು. ಇನ್ನು ಮುಂದೆ ಇದೇ ನಿಯಮ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಬಾಯಲ್ಲಿ ಅಕ್ಕಾರ ಆಗಿ, ಈಗ ಯಾರ ಬಾಯಲ್ಲೂ ಏನೂ ಆಗದೆ ಕೂತ,
ರೂಪಾಲಿ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ಇವರು ಫೋನ್ ಮಾಡಿಲ್ಲ. ನಿನ್ನೆಯೂ ಇಲ್ಲ, ಮೊನ್ನೆಯೂ ಇಲ್ಲ. ಆ ಹದಿನೈದು ನಿಮಿಷವನ್ನು ನಾನೇ ತುಂಬಿದ್ದು. ನಿನ್ನನ್ನು ಸುಳ್ಳುಗಾತಿ ಎಂದ ಬಾಯಿ ಇದೇ. ನಾಳಿದ್ದು ಹತ್ತಕ್ಕೆ ಫೋನ್ ಮಾಡು. ಇಂಟರ್ನೆಟ್ ಹಚ್ಚಿ ಲೈನ್ ಕಟ್ಟಿಹಾಕುವುದಿಲ್ಲ, ಖಂಡಿತ. ನಿನಗೆ ಹೇಳಲು ಅವತ್ತು ಒಂದೂ ಕೆಲಸವಿಲ್ಲ. ಆದರೂ ಮಾಡು.