ಎರಡನೇ ಸಲ ಕೇಳಿದ ಪ್ರಶ್ನೆ

ಫೆ. 3, ಸೋಮವಾರ

ಇವತ್ತೂ ಬಸ್ಸಿನಲ್ಲಿ ನಿಂತೇ ಹೋದೆ. ತಿಕೋಟಾ ದಾಟಿ ಕಳ್ಳಕವಟಗಿಯ ನಮ್ಮ ಶಾಲೆ ಮುಟ್ಟುವಷ್ಟರಲ್ಲಿ ಹತ್ತು ಗಂಟೆ. ಬ್ಯಾಗಿನಲ್ಲಿ ಹಳೇ ಸೀರೆ ತುಂಡು ಸುತ್ತಿದ ಮೂರು ಗಾಜಿನ ಗ್ಲಾಸು. ಎರಡು ಒಂದೇ ಅಳತೆ, ಒಂದು ಉದ್ದ, ಸಪೂರ. ನನ್ನ ಬಿ.ಎಡ್. ಓದಿನ ಪ್ರಯೋಗದ ಫೈಲಿಗಾಗಿ.

ಪುಸ್ತಕ ಹೇಳುವುದಿಷ್ಟು: ಆರೇಳು ವರ್ಷದ ತನಕ ಮಗು ಕಣ್ಣಿಗೆ ಕಂಡದ್ದನ್ನೇ ನಂಬುತ್ತದೆ. ಸಮ ಇರುವ ನೀರಲ್ಲಿ ಒಂದನ್ನು ಉದ್ದ ಗ್ಲಾಸಿಗೆ ಸುರಿದರೆ 'ಇದರಲ್ಲಿ ಜಾಸ್ತಿ' ಅನ್ನುತ್ತದೆ. ಬುದ್ಧಿ ಮುಂದಿನ ಹಂತಕ್ಕೆ ಬಂದಾಗ 'ಅಷ್ಟೇ ಇದೆ' ಅನ್ನುತ್ತದೆ. ಸುರಿಯುವ ಮೊದಲೊಮ್ಮೆ ಕೇಳಬೇಕು, ಸುರಿದ ಮೇಲೆ ಅದೇ ಪ್ರಶ್ನೆ ಇನ್ನೊಮ್ಮೆ.

ಹೆಡ್ ಮಾಸ್ತರ್ ಚಂದ್ರಕಾಂತ ಸರ್ ಅಂದರು, "ಯುಕೆಜಿಯಿಂದ ಯಾರನ್ನ ಒಂದನೇತ್ತಕ್ಕ ಕಳಸೂದು, ನಿಮ್ಮ ಫೈಲ್ ನೋಡೇ ಹೇಳ್ತೀನ್ರಿ." ಒಳಗೊಳಗೇ ಉಬ್ಬಿದೆ. ಆಮೇಲೆ ಅನುಮಾನ — ನಾಳೆ ಪಾಲಕರು ಜಗಳಕ್ಕೆ ಬಂದರೆ ನನ್ನ ಹೆಸರು ಮುಂದೆ ಮಾಡಲಿಕ್ಕೋ?

ಸಂಜೆ 7. ಜೋರಾಪುರ ಪೇಟೆಯ ಮನೆ. ನಮ್ಮವರದು ಹನಿ ನೀರಾವರಿ ಪೈಪಿನ ಅಂಗಡಿ. ಇವತ್ತು ದಿನವೆಲ್ಲ ಅಂಗಡಿಯಲ್ಲಿರಲಿಲ್ಲ.

"ಎಲ್ಲಿಗೆ ಹೋಗಿದ್ರಿ?"

"ಬಬಲೇಶ್ವರಕ್ಕ. ಒಂದು ದ್ರಾಕ್ಷಿ ತೋಟಕ್ಕ ಪೈಪ್ ಹಾಕೂದಿತ್ತು."

"ಎಲ್ಲಿಗೆ?"

ಮುಖ ಸಪ್ಪಗಾಯಿತು. "ಅಂದ್ರ... ತಿಕೋಟಾಕ್ಕೂ ಹೋಗಿದ್ದೆ."

ಎರಡೂ ಬೇರೆ ಬೇರೆ ರಸ್ತೆ. ಸಿಕ್ಕಿಬಿದ್ದರು! ಏನೋ ಇದೆ.

ಫೆ. 6, ಗುರುವಾರ

ಆರು ಮಕ್ಕಳ ಪರೀಕ್ಷೆ ಮುಗಿಯಿತು. ನೀರು, ಮಣ್ಣಿನ ಉಂಡೆ, ಸಾಲಿಗಿಟ್ಟ ಒಣದ್ರಾಕ್ಷಿ... ಒಟ್ಟು ಐದು ಪ್ರಯೋಗ. ಉಳಿದ ಐವರು ಒಂದೆರಡಾದರೂ ಸರಿ ಹೇಳಿದರು. ಲಲಿತಾ — ಆರು ವರ್ಷ, ಎಣ್ಣೆ ಹಚ್ಚಿದ ಎರಡು ಜಡೆ, ಹೇಳಿದ ಮಾತು ಮೀರದ ಹುಡುಗಿ — ಐದಕ್ಕೆ ಐದೂ ತಪ್ಪು.

"ಎರಡರಾಗೂ ನೀರು ಸಮ ಅದಾವೇನವ್ವ?"

"ಸಮ ಅದಾವ್ರಿ."

ಸುರಿದೆ. "ಈಗ? ಸಮ ಅದಾವೇನು?"

ಗ್ಲಾಸು ನೋಡಲಿಲ್ಲ. ನನ್ನ ಮುಖ ನೋಡಿದಳು. ತಡೆದು, "ಉದ್ದಂದರಾಗ ಜಾಸ್ತಿ ರೀ."

ಐದೂ ಸಲ ಹೀಗೇ. ಮುಖ ಯಾಕೆ ನೋಡುತ್ತಾಳೆ? ಉತ್ತರ ಕದಿಯಲಿಕ್ಕೆ. ಬರೆದೆ: 'ಮುಂದಿನ ಹಂತ ಮುಟ್ಟಿಲ್ಲ. ಇನ್ನೊಂದು ವರ್ಷ ಯುಕೆಜಿಯಲ್ಲಿರುವುದು ಒಳ್ಳೆಯದು.' ಸರ್ ಓದಿದರು, ಸಹಿ ಹಾಕಿದರು.

ಫೆ. 11, ಮಂಗಳವಾರ

ಲಲಿತಾಳ ಅಜ್ಜಿ ಬೋರವ್ವ ಶಾಲೆಗೇ ಬಂದಳು. ನಾಲ್ಕು ಎಮ್ಮೆ ಕಟ್ಟಿಕೊಂಡು ಹಾಲು ಮಾರುವವಳು. ದನಿ ಗೇಟಿನ ತನಕ ಕೇಳುತ್ತಿತ್ತು.

"ಅಕ್ಕಾರ, ನಮ್ಮ ಹುಡುಗಿಗೆ ತಿಳುವಳಿಕಿ ಇಲ್ಲಂತ ಬರದೀರಂತ? ಮನ್ಯಾಗ ಹಾಲು ಅಳದು ಹಾಕಾಕಿನ ಆಕಿ!"

"ಅದು ಬ್ಯಾರೆ, ಇದು ಬ್ಯಾರೆ ಅಜ್ಜಿ."

"ಹಾಲು ಬ್ಯಾರೆ, ನೀರು ಬ್ಯಾರೇನ್ರಿ?"

ಫೈಲಿನ ವಿಷಯ ಇವಳ ಕಿವಿಗೆ ಹಾಕಿದ್ದು ಯಾರು? ಇನ್ನು ಮನೆಯಲ್ಲಿ ಉತ್ತರ ಬಾಯಿಪಾಠ ಮಾಡಿಸಿ ಕಳಿಸುತ್ತಾಳೆ. ನೋಡುತ್ತಿರಬೇಕು.

ಫೆ. 14, ಶುಕ್ರವಾರ

ಇವರ ಫೋನು ಮನೆಯಲ್ಲೇ ಉಳಿದಿತ್ತು. ರಿಂಗಾಯಿತು, ಎತ್ತಿದೆ. ಬಬಲೇಶ್ವರದ ದ್ರಾಕ್ಷಿ ತೋಟದ ರಿಜ್ವಾನ ಅಂತೆ.

"ವೈನಿ, ಮೊನ್ನೆ ಮೂರನೇ ತಾರೀಖು ಅಣ್ಣಾರು ಹಾಕಿದ ಪೈಪ್ ಸೋರಾಕತ್ತೈತಿ ಅಂತ ಹೇಳ್ರಿ. ಅವತ್ತ ಮುಂಜಾನಿಂದ ಸಂಜಿತನಕ ಇಲ್ಲೇ ಇದ್ರು, ಊಟಾನೂ ಇಲ್ಲೇ ಆತು."

ಹಾಗಾದರೆ ತಿಕೋಟಾ ಎಲ್ಲಿಂದ ಬಂತು? ಕೇಳದೇ ಊಟದ ಸುದ್ದಿ ಯಾಕೆ ಹೇಳಬೇಕು? ತಯಾರು ಮಾಡಿಟ್ಟ ಸಾಕ್ಷಿ ಇದ್ದ ಹಾಗಿದೆ.

ಫೆ. 20, ಗುರುವಾರ

ಬೋರವ್ವ ಬಂದು ಹೋದ ಮರುದಿನದಿಂದ ಲಲಿತಾ ಶಾಲೆಗೆ ಬಂದಿಲ್ಲ. 'ಸಣ್ಣ ಹುಡುಗ್ರ ಕೂಡ ಮತ್ತ ಕುಂದ್ರಂಗಿಲ್ಲ' ಎಂದು ಅತ್ತಳಂತೆ. ನಾಟಕ ಅನಿಸಿತು. ಅಜ್ಜಿಯ ಸುಳ್ಳು ಹಿಡಿಯೋಣ ಎಂದೇ ಶಾಲೆ ಬಿಟ್ಟ ಮೇಲೆ, ಹಾಲು ಹಾಕುವ ಹೊತ್ತಿಗೆ, ಹೇಳದೇ ಕೇಳದೇ ಅವರ ಮನೆಗೆ ಹೋದೆ.

ಅಂಗಳದಲ್ಲಿ ಲಲಿತಾ, ಕೈಯಲ್ಲಿ ಲೀಟರ್ ಅಳತೆ. ಪಕ್ಕದ ಮನೆಯ ಮಾಸುಮಬಿ ಅಗಲ ಬೋಗುಣಿ ಹಿಡಿದಿದ್ದಳು. ಹಾಲು ತಳದಲ್ಲೇ ಉಳಿಯಿತು.

"ಏ ಹುಡುಗಿ, ಕಡಿಮಿ ಹಾಕಿದಿ ನೋಡು," ಮಾಸುಮಬಿ ಚೇಷ್ಟೆ ಮಾಡಿದಳು.

"ಬೋಗುಣಿ ಅಗಲ ಐತಿ, ಅದಕ್ಕ ಕೆಳಗ ಕಾಣತೈತಿ. ಸಣ್ಣ ಬಾಯಿ ಚೆರಿಗ್ಯಾಗ ಹಾಕಿದ್ರ ಮ್ಯಾಲ ಬರತೈತಿ. ಲೀಟರ್ ಅಂದ್ರ ಲೀಟರ್!" ಸೊಂಟದ ಮೇಲೆ ಕೈ ಬೇರೆ.

ಬಾಯಿಪಾಠದ ಮಾತಲ್ಲ ಅದು. ನಾನು ಬರುವುದು ಯಾರಿಗೂ ಗೊತ್ತಿರಲಿಲ್ಲ. ಹತ್ತಿರ ಕೂತು ಕೇಳಿದೆ.

"ಮತ್ತ ಸಾಲ್ಯಾಗ ಯಾಕ ಜಾಸ್ತಿ ಅಂದೆವ್ವ?"

"ನೀವು ಎರಡನೇ ಸಲ ಕೇಳಿದ್ರಲ್ರಿ."

"ಕೇಳಿದ್ರ?"

"ಎರಡನೇ ಸಲ ಕೇಳಿದ್ರ ಮೊದಲ ಹೇಳಿದ್ದು ತಪ್ಪು ಅಂತ ಆತಲ್ರಿ. ಬ್ಯಾರೆ ಹೇಳಬೇಕು."

ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂತದ್ದು ನೆನಪಿಲ್ಲ. ನಿಜ. ಕ್ಲಾಸಿನಲ್ಲಿ ಸರಿ ಉತ್ತರ ಬಂದರೆ ಮುಂದಿನ ಮಗುವಿಗೆ ಹೋಗುತ್ತೇನೆ. ತಪ್ಪಿದರೆ ಮಾತ್ರ ಹುಬ್ಬು ಗಂಟಿಕ್ಕಿ ಮತ್ತೆ ಕೇಳುವುದು. ನಾನು ಕಲಿತದ್ದೂ ಹಾಗೇ. ಆ ಹುಡುಗಿ ನನ್ನ ಮುಖದಲ್ಲಿ ಹುಡುಕಿದ್ದು ಅದನ್ನೇ. ಹೇಳಿದ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಕೇಳುವವಳು, ಅದಕ್ಕೇ ಐದೂ ತಪ್ಪು. ನಾಚಿಕೆಯಾಯಿತು. ಬಹಳ.

ಫೆ. 24, ಸೋಮವಾರ

ಲಲಿತಾಳನ್ನು ನಾನೇ ಹೋಗಿ ಕರೆತಂದೆ. ಸರ್ ಮುಂದೆಯೇ ಪರೀಕ್ಷೆ. ಮೊದಲು ಏನೂ ಕೇಳಲಿಲ್ಲ. ಸುರಿದ ಮೇಲೆ ಒಂದೇ ಸಲ ಕೇಳಿದೆ. ಐದಕ್ಕೆ ನಾಲ್ಕು ಸರಿ.

"ಅಂದ್ರ ನಿಮ್ಮ ವರದಿ ತಪ್ಪೇನ್ರಿ?" ಸರ್ ಕೇಳಿದರು.

"ಹೌದ್ರಿ ಸರ್, ತಪ್ಪು."

ಕನ್ನಡಕ ತೆಗೆದರು. "ತಪ್ಪೇನ್ರಿ?"

'ಹಂಗಲ್ರಿ' ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ದೇವರಾಣೆ. ಮೂವತ್ತು ದಾಟಿದ ನನಗೇ ಹೀಗೆ. ಆರರ ಹುಡುಗಿಯ ಗತಿ?

"ತಪ್ಪೇ ರೀ," ಅಂದೆ.

ಸರ್ ಹಳೇ ಹಾಳೆ ಹರಿದರು. ಲಲಿತಾ ಜೂನಿನಲ್ಲಿ ಒಂದನೇತ್ತಕ್ಕೆ.

ಹೊರಗೆ ಬಂದು ಅವಳ ಜಡೆ ಸರಿಮಾಡುತ್ತಾ ಕೇಳಿದೆ, "ನನ್ನ ಮ್ಯಾಲ ಸಿಟ್ಟೇನವ್ವ?"

"ಇಲ್ರಿ."

"ಇಲ್ಲಾ?" ಬಾಯಿ ತಪ್ಪಿ ಬಂದೇಬಿಟ್ಟಿತು.

ಮುಖ ನೋಡಿದಳು. "...ಐತ್ರಿ."

ಯಾವುದು ಖರೆ? ಇನ್ನು ಕೇಳುವ ಹಾಗೂ ಇಲ್ಲ.

ಸಂಜೆ 7:20. ಇವರು ಈಗ ಬಂದರು. ಶರ್ಟಿನ ತುಂಬ ಮಣ್ಣು.

"ಎಲ್ಲಿಗೆ ಹೋಗಿದ್ರಿ?"

"ಬಬಲೇಶ್ವರಕ್ಕ. ಆ ರಿಜ್ವಾನನ ಪೈಪ್ ರಿಪೇರಿ."

ಡೈರಿ ತೆಗೆದು ಬರೆಯುತ್ತಾ ಕೂತೆ. ಇವರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದಾರೆ. ಒಳಗೆ ಬರುತ್ತಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಾರೆ, ಎರಡನೇ ಸಲಕ್ಕೆ ಕಾಯುತ್ತಾ. ಏಳು ವರ್ಷದ ಸಂಸಾರದಲ್ಲಿ ಎಷ್ಟು ಸಲ ಹೀಗೆ... ಆ ತಿಕೋಟಾ ಕೂಡ ಹೀಗೇ ಹುಟ್ಟಿದ್ದು. ಕೇಳುವುದಿಲ್ಲ. ತಲೆ ಎತ್ತಬಾರದು. ಎತ್ತಿದರೆ ಬಾಯಿಗೆ ಬಂದೇ ಬರುತ್ತದೆ.

"ಬಬಲೇಶ್ವರಕ್ಕ," ಅಂದರು, ಕೇಳದೇ ಇದ್ದರೂ. ಆಮೇಲೆ ಮೆಲ್ಲಗೆ, "ಅಂದ್ರ—"