ಲಾಸ್ಯಳ ರಕ್ತದ ಮಾದರಿಯ ಕುರಿತು

ಜಯಲಕ್ಷ್ಮಿಪುರಂ, ಮೈಸೂರು

ಪೂಜ್ಯ ಅಕ್ಕ ಪಾರ್ವತಮ್ಮನವರಿಗೂ ಸಮಸ್ತ ಬಂಧುಗಳಿಗೂ ಶರಣು.

ನಿನ್ನೆ ನನ್ನ ಮಗಳು ಲಾಸ್ಯಳ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಬಂದ ನಿಮ್ಮೆಲ್ಲರಿಗೂ ಕೃತಜ್ಞನಾಗಿದ್ದೇನೆ. ಆದರೆ ‘ಮಾಡಬೇಕಾದ್ದನ್ನೆಲ್ಲ ಮಾಡಿದಿರಿ’ ಎಂಬ ನಿಮ್ಮ ಸಾಂತ್ವನವನ್ನು ನಾನು ಸ್ವೀಕರಿಸಲಾರೆ.

ಜ್ವರ ಬಂದ ದಿನವೇ ಲಾಸ್ಯ ಆಸ್ಪತ್ರೆಗೆ ಹೋಗೋಣವೆಂದಳು. ಜೀವಶಾಸ್ತ್ರ ಓದುತ್ತಿದ್ದವಳು, ವೈರಸ್ ಇರಬಹುದೆಂದು ಊಹಿಸಿದ್ದಳು. “ಹೊರಗೊಂದು ಪ್ರೋಟೀನ್ ಕವಚ, ಒಳಗೊಂದೆಳೆ ಆರ್‌ಎನ್‌ಎ, ಅಷ್ಟೇ ಅಪ್ಪಾ ಅದು. ಆದ್ರೆ ನಮ್ಮ ಜೀವಕೋಶ ಸಿಕ್ಕಿದ್ರೆ ಸಾವಿರವಾಗುತ್ತೆ” ಎಂದಳು. ಕಾಲೇಜಿನ ಚರ್ಚಾಕೂಟದ ಹಳೆಯ ಚಟ ನನ್ನದು. ಉಣ್ಣದ, ಉಸಿರಾಡದ ವಸ್ತುವಿಗೆ ಜೀವವೇ ಇಲ್ಲ, ಅದಕ್ಕೇಕೆ ಹೆದರಿಕೆ ಎಂದು ವಾದಿಸಿದೆ. “ನಿಮ್ಮತ್ರ ವಾದ ಮಾಡಿ ಗೆಲ್ಲೋಕಾಗುತ್ತಾ, ಬಿಡಿ” ಎಂದು ನಕ್ಕು ಮಲಗಿದಳು.

ಈಗ ಆಸ್ಪತ್ರೆಯವರು ಅವಳ ರಕ್ತದಲ್ಲಿ ಸಿಕ್ಕ ವೈರಸ್ಸಿನ ಆರ್‌ಎನ್‌ಎ ಪರೀಕ್ಷಿಸಲು ನನ್ನ ಒಪ್ಪಿಗೆ ಕೇಳಿದ್ದಾರೆ. ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಅದು ಮೇಲಿಂದ ಮೇಲೆ ಬದಲಾಗುವುದಂತೆ; ಆ ಬದಲಾವಣೆ ತಿಳಿದರೆ ಇತರರ ಚಿಕಿತ್ಸೆಗೆ ನೆರವಾಗುವುದಂತೆ. ಅಕ್ಕ, ಮಾದರಿಯನ್ನು ನಾಶ ಮಾಡಿಸೆಂದು ನೀವು ಹೇಳಿದಿರಿ. “ಮಣ್ಣು ಮಾಡಾಯ್ತಲ್ಲ, ಇನ್ನಾದ್ರೂ ಮಗೂನ ಬುಟ್ಬುಡೋ” ಎಂದಿರಿ. ಅವರು ಪರೀಕ್ಷಿಸುವುದು ವೈರಸ್ಸನ್ನು, ಲಾಸ್ಯಳನ್ನಲ್ಲ.

ಇನ್ನೊಂದು ವಿಷಯ. ಆಸ್ಪತ್ರೆಯ ದಾಖಲೆಯಲ್ಲಿ ಜ್ವರದ ಎರಡನೆಯ ದಿನ ಕರೆತಂದರೆಂದಿದೆ. ಅದು ನಾನು ಹೇಳಿದ ಸುಳ್ಳು. ಕರೆದೊಯ್ದದ್ದು ನಾಲ್ಕನೆಯ ದಿನ. ಸುಳ್ಳಿನ ಆಧಾರದ ಮೇಲೆ ವೈದ್ಯರು ನಿರ್ಣಯಕ್ಕೆ ಬರಬಾರದು. ಆದ್ದರಿಂದ ಯಾರನ್ನೂ ಕೇಳದೆ, ಇಂದು ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ನಿಜವಾದ ದಿನವನ್ನು ನನ್ನ ಕೈಯಾರೆ ಬರೆದುಕೊಟ್ಟು ಬಂದಿದ್ದೇನೆ.

ಇತಿ,
ಸಿದ್ದಲಿಂಗಸ್ವಾಮಿ