ಮೇಲಿನ ಪದರದ ಕಲ್ಲು

ಕಲ್ಲುಪರೀಕ್ಷೆಯ ಕೋಣೆ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಕೊರೆಯುವ ಯಂತ್ರದ ಪಕ್ಕ ನಿಂತರೆ ನೋವೇ ಗೊತ್ತಾಗುವುದಿಲ್ಲ ಎಂದು ಬರೆದಿದ್ದೀರಿ. ಅಮ್ಮ ಅದನ್ನು ಓದಿ, "ಹಾಗಾದ್ರೆ ಆ ಯಂತ್ರಾನೇ ಮನೆಗೆ ತಂದುಬಿಡ್ಲಿ" ಅಂದಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿವೃತ್ತಿಗೆ ಮುಂಚಿನ ಕೊನೆಯ ಬಾವಿಯಲ್ಲವೇ, ಅದರಲ್ಲಿ ನೀರು ತರಿಸಿಯೇ ಮನೆಗೆ ಬರಬೇಕೆಂಬುದು ನಿಮ್ಮ ಆಸೆ, ನಮ್ಮದೂ ಅದೇ. ನಿಮ್ಮಲ್ಲಿ ಫೋನು ಸಿಗುವುದಿಲ್ಲ, ಹಾಗಾಗಿ ಕಲ್ಲಿನ ಪೆಟ್ಟಿಗೆ ಒಯ್ಯುವ ಗಾಡಿಯವನ ಕೈಯಲ್ಲಿ ಈ ಕಾಗದ.

ನೀವು ಬಾವಿಯಿಂದ ತೆಗೆದು ಕಳಿಸಿದ ಎರಡೂ ಡಾಲಮೈಟ್ ಕಲ್ಲಿನ ತುಂಡುಗಳು ನನ್ನ ಮೇಜಿನ ಮೇಲಿವೆ. ಕೆಳಗಿನ ಪದರದ್ದಕ್ಕೆ ಮೈತುಂಬ ತೂತು, ಕೆಲವಕ್ಕೆ ಕಿರುಬೆರಳ ತುದಿ ಹೋಗುತ್ತದೆ. ಮೇಲಿನದು ಸಪ್ಪೆ ಮುಖದ ಕಲ್ಲು, ಉಜ್ಜಿದರೆ ಸಕ್ಕರೆಯಂತೆ ಹರಳು ಉದುರುತ್ತದೆ. ನೀರು ಒಳಬರುವ ಜಾಲರಿ ಕೊಳವೆ ಇರುವುದು ಒಂದೇ ಪದರಕ್ಕೆ ಸಾಲುವಷ್ಟು. "ತೂತಿದ್ದಲ್ಲಿ ನೀರು, ಇದಕ್ಕೆ ಪರೀಕ್ಷೆ ಬೇರೆ ಕೇಡು" ಎಂದು ನೀವು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿದ್ದು ನೋಡಿ ನಕ್ಕುಬಿಟ್ಟೆ. ಹೋದ ವಾರ ನನ್ನ ಪರೀಕ್ಷೆಯೂ ಅದನ್ನೇ ಹೇಳಿತು. ಕೆಳಗಿನ ಕಲ್ಲಿನಲ್ಲಿ ನೀರು ಧಾರಾಳವಾಗಿ ಹರಿಯಿತು. ವರದಿ ಕಳಿಸಿದೆ, ನೀವು ಕೊರೆಯುವ ತಂಡದವರೆದುರು ಮೀಸೆ ತಿರುವಿದ ಸುದ್ದಿಯೂ ಬಂತು.

ನಿನ್ನೆ ಆ ಕೆಳಗಿನ ಕಲ್ಲನ್ನು ಒರೆಸುವಾಗ ಬಟ್ಟೆ ಅದರ ಹೊರಮೈಯ ಗುಂಡಿಗಳಲ್ಲಿ ಸಿಕ್ಕಿಕೊಂಡಿತು. ಪರೀಕ್ಷೆಯಲ್ಲಿ ಕಲ್ಲಿನ ಸುತ್ತ ಬಿಗಿಯಾದ ರಬ್ಬರ್ ಚೀಲ ಹಾಕುತ್ತೇವೆ, ನೀರು ಅಂಚಿನಿಂದ ನುಸುಳದೆ ಕಲ್ಲಿನೊಳಗಿಂದಲೇ ಹೋಗಲಿ ಎಂದು. ಗುಂಡಿಗಳಿದ್ದಲ್ಲಿ ರಬ್ಬರ್ ಕೂತೇ ಇರಲಿಲ್ಲ. ನೀರು ಹೊರಗಿನಿಂದಲೇ ಜಾರಿಕೊಂಡು ಹೋಗಿತ್ತು. ಗುಂಡಿಗಳಿಗೆ ಅಂಟು ತುಂಬಿ ಮತ್ತೆ ಪರೀಕ್ಷೆಗೆ ಹಾಕಿದೆ. ಒಂದು ಗಂಟೆಯಲ್ಲಿ ನಾಲ್ಕು ಹನಿ! ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ತೂತುಗಳ ನಡುವೆ ಹರಳುಗಳು ಒತ್ತೊತ್ತಾಗಿ ಬೆಸೆದುಕೊಂಡಿವೆ; ದೊಡ್ಡ ದೊಡ್ಡ ಕೋಣೆಗಳು, ಒಂದಕ್ಕೂ ಬಾಗಿಲಿಲ್ಲ. ಮೇಲಿನ ಕಲ್ಲಿನಲ್ಲಿ ಹರಳುಗಳ ನಡುವಿನ ಸಂದು ಚಿಕ್ಕದು, ಆದರೆ ಒಂದರಿಂದ ಇನ್ನೊಂದಕ್ಕೆ ದಾರಿಯಿದೆ. ಒಟ್ಟು ಖಾಲಿ ಜಾಗ ಕಡಿಮೆಯಾದರೂ ನೀರು ಸಲೀಸಾಗಿ ಹಾಯುತ್ತದೆ. ಮೂರು ಸಲ ನೋಡಿದೆ. ನಾಚಿಕೆಯಾದದ್ದು ನಿಜ, ಆದರೆ ಆ ಹರಳುಗಳನ್ನು ನೋಡುತ್ತಾ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಅಮ್ಮ ಕೊಟ್ಟ ಉಣ್ಣೆಯ ಕಾಲುಚೀಲ ಪೆಟ್ಟಿಗೆಯಲ್ಲಿದೆ, ದಿನಾ ಹಾಕಿಕೊಳ್ಳಿ. ತಂಡದವರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ನಿಮ್ಮ ತರಲೆ ಮಗಳು

ತಾ.ಕ.: ಗಾಡಿ ಹೊರಡುತ್ತಿದೆ. "ಹಳೇ ವರದಿನೇ ಇರ್ಲಿ ಬಿಡಮ್ಮ, ನೀರು ಬರ್ದಿದ್ರೆ ಕೊರೆಯೋರ ಅದೃಷ್ಟ ಅಂತಾರೆ" ಎಂದರು ನಮ್ಮ ಮುಖ್ಯಸ್ಥರು. ನಾನು ಒಪ್ಪಲಿಲ್ಲ. ಒಣಬಾವಿ ನಿಮ್ಮ ಹೆಸರಿನಲ್ಲಿ ಉಳಿಯುತ್ತಿತ್ತು. ತಪ್ಪು ನನ್ನದೆಂದು ಬರೆದು ಹೊಸ ವರದಿಗೆ ಸಹಿ ಹಾಕಿದ್ದೇನೆ, ಇದರ ಜೊತೆಗೇ ಇದೆ. ತಂಡದವರೆದುರು ಗಟ್ಟಿಯಾಗಿ ಓದಿ. ನಾಳೆ ಜಾಲರಿಯನ್ನು ಮೇಲಿನ ಪದರಕ್ಕೇ ಕೂರಿಸಿ. ನಿಮ್ಮ ಬಾವಿಯಲ್ಲಿ ನೀರಿದೆ, ಅಪ್ಪಾ.